ಲಾರಿ ಕಮಾನಿನ ಬ್ರಾಕೆಟ್ ಕೆಲಸಕ್ಕೆ ಮೊದಲ ವೆಲ್ಡಿಂಗ್ ಮೆಷಿನ್: ನಾನು ಆರಿಸಿದ ಬಗೆ

ಲಾರಿ, ಟಿಪ್ಪರ್, ಟ್ರಾಕ್ಟರ್ ಟ್ರೇಲರ್‌ಗಳ ಕಮಾನು (ಲೀಫ್ ಸ್ಪ್ರಿಂಗ್) ಹಿಡಿಯುವ ಬ್ರಾಕೆಟ್, ಶಾಕ್ ಅಬ್ಸಾರ್ಬರ್ ಕಿವಿ, ಟಾರ್ಕ್ ರಾಡ್ ಬ್ರಾಕೆಟ್ ಇವನ್ನು ಸ್ವಂತ ಶೆಡ್ಡಿನಲ್ಲೇ ಮಾಡಿಕೊಳ್ಳಬೇಕು ಅನ್ನುವವರು ಮೊದಲು ಕೇಳುವುದು ಮೆಷಿನ್ ಯಾವುದು ಅಂತ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಿಂಗಲ್ ಫೇಸ್‌ನಲ್ಲಿ ಓಡುವ 200 ಆಂಪ್ ಡಿಸಿ ಇನ್ವರ್ಟರ್ ಆರ್ಕ್ ಮೆಷಿನ್, ಅದೂ ಶೇ. 60 ಡ್ಯೂಟಿಯಲ್ಲಿ (ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸೆದರೆ) ಕನಿಷ್ಠ 140 ಆಂಪ್ ನಿಜವಾಗಿ ಕೊಡುವಂಥದ್ದು. ಜೊತೆಗೆ 7018 ರಾಡು, ಅಂದರೆ ಜಲಜನಕ ಕಡಿಮೆ ಬಿಡುವ ವೆಲ್ಡಿಂಗ್ ರಾಡು. ರಾಡಿನ ಬದಲು ಸುರುಳಿಯಿಂದ ವೈರು ತಾನಾಗಿ ಬರುವ ಸಿಓಟು ಮೆಷಿನ್, ಅಂದರೆ ಮಿಗ್, ಆಮೇಲೆ. ತೆಳು, ನಾಜೂಕು ಕೆಲಸದ ಟಿಗ್ ಇದಕ್ಕೆ ಬೇಕಿಲ್ಲ.

ಮಿಗ್ ಸುಲಭ, ಒಂದು ವಾರದಲ್ಲಿ ಕೈ ಕೂರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಕಮಾನಿನ ಕೆಲಸದಲ್ಲಿ ಆ ಸುಲಭವೇ ಅಪಾಯ. ಯಾಕೆ ಅನ್ನುವುದಕ್ಕೆ ಮೊದಲು ಕೆಲಸ ಎಂಥದ್ದು ಅಂತ ನೋಡಬೇಕು. ಮೆಷಿನ್ ಆರಿಸುವುದು ಕೆಲಸವೇ ಹೊರತು ಅಂಗಡಿಯವನಲ್ಲ.

ಬೆಸುಗೆ ಎಲ್ಲಿ ಹಾಕಬಾರದು

ಕಮಾನ್ ಪಟ್ಟಿಗೆ ಬೆಸುಗೆ ಹಾಕುವಂತಿಲ್ಲ. ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟು ಇರುತ್ತದೆ, ಮೇಲಾಗಿ ಅದನ್ನು ಕಾಯಿಸಿ ಹದ ಮಾಡಿರುತ್ತಾರೆ. ಅದರ ಮೇಲೆ ಆರ್ಕ್ ಹೊಡೆದರೆ ಬೆಸುಗೆಯ ಪಕ್ಕದ ಎರಡು ಮೂರು ಎಂಎಂ ಜಾಗ ಗಾಜಿನ ಹಾಗೆ ಪೆಡಸಾಗುತ್ತದೆ. ಪಟ್ಟಿ ಬಗ್ಗಿ ಏಳುವುದೇ ಅದರ ಕೆಲಸ, ಪೆಡಸಾದ ಜಾಗ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬೆಸುಗೆಯೇ ಬೇಕಿಲ್ಲ, ಪಕ್ಕದಲ್ಲಿ ಬ್ರಾಕೆಟ್ ಬೆಸೆಯುವಾಗ ಸಿಡಿದ ಒಂದು ಕಿಡಿ ಅಂಟಿ ಕೂತರೂ ಸಾಕು, ಬಿರುಕಿಗೆ ಅಲ್ಲಿಂದ ದಾರಿ ಸಿಕ್ಕಿತು. ಯು ಬೋಲ್ಟ್, ಸೆಂಟರ್ ಬೋಲ್ಟ್, ಶ್ಯಾಕಲ್ ಪಿನ್ನುಗಳದ್ದೂ ಇದೇ ಕಥೆ. ಅವನ್ನು ಬದಲಾಯಿಸುವುದು, ಬೆಸೆಯುವುದಲ್ಲ.

ಎರಡನೆಯದು ಎರಕದ ಬ್ರಾಕೆಟ್. ಕಂಪನಿಯಿಂದ ಬರುವ ಎಷ್ಟೋ ಹ್ಯಾಂಗರ್ (ಕಮಾನಿನ ತುದಿಯನ್ನು ಚಾಸಿಸ್ಸಿಗೆ ಹಿಡಿಸುವ) ಬ್ರಾಕೆಟ್‌ಗಳು ಎರಕ ಹೊಯ್ದವು. ಅಚ್ಚಿನ ಗೆರೆ ಮೈಮೇಲೆ ಕಾಣುತ್ತದೆ, ಮೇಲ್ಮೈ ತರಿತರಿ. ಅನುಮಾನ ಇದ್ದರೆ ಗ್ರೈಂಡರ್ ತಾಗಿಸಿ ಕಿಡಿ ನೋಡಿ. ಮೈಲ್ಡ್ ಸ್ಟೀಲ್ ಕಿಡಿ ಉದ್ದ, ಹಳದಿ ಬಿಳುಪು, ಹೆಚ್ಚು ಕವಲೊಡೆಯುವುದಿಲ್ಲ. ಇಂಗಾಲ ಜಾಸ್ತಿ ಇರುವ ಉಕ್ಕಿನ ಕಿಡಿ ತುದಿಯಲ್ಲಿ ಸುರುಸುರು ಬತ್ತಿಯಂತೆ ಕವಲು ಕವಲಾಗಿ ಒಡೆಯುತ್ತದೆ. ಎರಕದ ಕಬ್ಬಿಣದ್ದು ಗಿಡ್ಡ, ಕೆಂಪು. ಕೆಂಪು ಕಿಡಿ ಬಂದ ಬ್ರಾಕೆಟ್ ಸೀಳಿದ್ದರೆ ಹೊಸದು ತನ್ನಿ, ಇಲ್ಲವೆ ಪ್ಲೇಟಿನಲ್ಲಿ ಹೊಸದಾಗಿ ಕಟ್ಟಿ.

ಮೂರನೆಯದು ಚಾಸಿಸ್. ಅದರ ಉದ್ದ ದೂಲ ಸಾದಾ ಕಬ್ಬಿಣ ಅಲ್ಲ, ಹೆಚ್ಚು ಬಲದ ಉಕ್ಕಿನ ತಗಡು ಬಗ್ಗಿಸಿ ಮಾಡಿದ್ದು. ಅದರ ಮೇಲಿನ ಮತ್ತು ಕೆಳಗಿನ ಮಡಿಕೆಗೆ ಅಡ್ಡ ಬೆಸುಗೆ ಹಾಕಿದರೆ ಭಾರ ಹೆಚ್ಚು ಬೀಳುವ ಜಾಗದಲ್ಲೇ ಬಲ ಕಳೆದ ಹಾಗೆ. ಬ್ರಾಕೆಟ್ ದೂಲದ ನಿಂತ ಭಾಗಕ್ಕೆ ಬೋಲ್ಟಿನಲ್ಲಿ ಕೂರಬೇಕು, 8.8 ಅಥವಾ 10.9 ದರ್ಜೆಯ ಬೋಲ್ಟ್, ಡ್ರಿಲ್ ಮಾಡಿದ ತೂತು. ಗ್ಯಾಸಿನಲ್ಲಿ ಸುಟ್ಟು ಮಾಡಿದ ತೂತು ಆಗುವುದಿಲ್ಲ, ಅದರ ಅಂಚಿನ ಪ್ರತಿ ಹಲ್ಲೂ ಒಂದು ಬಿರುಕಿನ ಮೊಳಕೆ.

ಇಷ್ಟನ್ನು ಕಳೆದರೆ ಉಳಿಯುವುದೇನು? 8, 10, 12 ಎಂಎಂ ಮೈಲ್ಡ್ ಸ್ಟೀಲ್ ಪ್ಲೇಟು, ಅಂದರೆ ಐಎಸ್ 2062 ಪ್ಲೇಟು, ಬೆಂಚಿನ ಮೇಲೆ ಇಟ್ಟು ಬೇಕಾದ ಹಾಗೆ ತಿರುಗಿಸಿ ಬೆಸೆಯುವ ಕೆಲಸ. ಲಾರಿ ಕೆಳಗೆ ಮಲಗಿ ತಲೆ ಮೇಲೆ ಬೆಸೆಯುವ ಅಗತ್ಯವೇ ಬರುವುದಿಲ್ಲ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ, ಮೆಷಿನ್ ಆರಿಸುವಾಗ ಇದೇ ಅಳತೆಗೋಲು. ತೆಳು ತಗಡು ಸುಟ್ಟು ತೂತಾಗುವ ಭಯ ಇಲ್ಲಿಲ್ಲ. ದಪ್ಪ ಪ್ಲೇಟಿನ ಬುಡ ಕರಗದೆ ಉಳಿಯುವುದೊಂದೇ ಭಯ.

ಚೆಂದ ಕಾಣುವ ಸುಳ್ಳು ಬೆಸುಗೆ

ಸಿಂಗಲ್ ಫೇಸ್‌ನ 200 ಆಂಪ್ ಮಿಗ್‌ನಲ್ಲಿ 0.8 ಎಂಎಂ ವೈರು ಹಾಕಿ 10 ಎಂಎಂ ಪ್ಲೇಟಿಗೆ ಓಡಿಸಿ ನೋಡಿ. 140 ಆಂಪ್ ಸುತ್ತಮುತ್ತ ವೈರು ಚರಚರ ಅಂತ ಪ್ಲೇಟಿಗೆ ತಾಗಿ ತಾಗಿ ಕರಗುತ್ತದೆ. ಮೇಲೆ ನಾಣ್ಯ ಜೋಡಿಸಿದ ಹಾಗೆ ಅಂದದ ಸಾಲು. ಕೆಳಗೆ ದಪ್ಪ ಪ್ಲೇಟು ಬಿಸಿಯನ್ನೆಲ್ಲ ಎಳೆದುಕೊಂಡಿರುತ್ತದೆ, ಅದರ ಮೈ ಕರಗಿಯೇ ಇರುವುದಿಲ್ಲ. ಕರಗಿದ ವೈರು ಪ್ಲೇಟಿನ ಮೇಲೆ ಮೇಣದ ಹನಿಯಂತೆ ಅಂಟಿ ಕೂತಿರುತ್ತದೆ ಅಷ್ಟೆ. ಗೇಟು, ಗ್ರಿಲ್ಲಿನಲ್ಲಿ ಇದು ಇಪ್ಪತ್ತು ವರ್ಷ ನಿಲ್ಲಬಹುದು. ಲಾರಿಯ ಹಿಂದಿನ ಕಮಾನಿನ ಹ್ಯಾಂಗರ್‌ನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಒಂದು ಎಳೆತ, ಹಳ್ಳ ಹಾರಿದಾಗಲೆಲ್ಲ ಒಂದು ಗುದ್ದು. ಅಂಟಿದ್ದು ಸಿಪ್ಪೆಯಂತೆ ಏಳುತ್ತದೆ.

ಆರ್ಕ್ ರಾಡಿನಲ್ಲಿ ಹೊಸಬರ ತಪ್ಪು ಬಚ್ಚಿಟ್ಟುಕೊಳ್ಳುವುದಿಲ್ಲ. ಆಂಪ್ ಕಡಿಮೆಯಾದರೆ ರಾಡು ಪ್ಲೇಟಿಗೆ ಅಂಟುತ್ತದೆ, ಸಾಲು ಹಗ್ಗದ ಹಾಗೆ ಉಬ್ಬಿ ನಿಲ್ಲುತ್ತದೆ, ಸ್ಲ್ಯಾಗ್, ಅಂದರೆ ರಾಡಿನ ಲೇಪನ ಕರಗಿ ಬರುವ ಕಿಟ್ಟ, ಒಳಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೇ ಹೊಡೆಯುತ್ತದೆ, ತಿದ್ದಿಕೊಳ್ಳಬಹುದು. ಅದಕ್ಕೇ ಮೊದಲ ಮೆಷಿನ್ ಆರ್ಕ್ ಇರಲಿ ಅನ್ನುವುದು.

ಗ್ಯಾಸ್ ಬೇಡದ ಫ್ಲಕ್ಸ್ ವೈರಿನ ಚಿಕ್ಕ ಮಿಗ್ ಮೆಷಿನ್ನುಗಳೂ ಈಗ ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ಜೊತೆ ಬರುವ ವೈರಿನ ಹೆಸರು ಓದಿ. 71ಟಿ-ಜಿಎಸ್ ಅಂತ ಇದ್ದರೆ ಅದು ಒಂದೇ ಸಾಲು ಹಾಕುವುದಕ್ಕೆ, ತೆಳು ತಗಡಿಗೆ. ಸಾಲಿನ ಮೇಲೆ ಸಾಲು ಏರಿಸುವ ಬ್ರಾಕೆಟ್ ಕೆಲಸಕ್ಕೆ ಅದನ್ನು ಮಾಡಿಯೇ ಇಲ್ಲ. 71ಟಿ-11 ವಾಸಿ, ಆದರೂ ನನ್ನ ಮಟ್ಟಿಗೆ ಕಮಾನಿನ ಕೆಲಸಕ್ಕೆ ಅದು ಮೊದಲ ಆಯ್ಕೆ ಅಲ್ಲ.

ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಗಟ್ಟಿಮುಟ್ಟು, ಧೂಳಿಗೆ ಹೆದರುವುದಿಲ್ಲ. ಆದರೆ ಬಹಳಷ್ಟು ಎರಡು ಫೇಸ್, 415 ವೋಲ್ಟ್ ಕೇಳುತ್ತವೆ. ಮೇಲಾಗಿ ಕೊಡುವುದು ಎಸಿ ಕರೆಂಟು, ಸಾಮಾನ್ಯ 7018 ರಾಡು ಇಂಥ ಎಸಿಯಲ್ಲಿ ಬಹಳ ಸಲ ಆರ್ಕ್ ಹಿಡಿಯದೆ ಆರಿ ಆರಿ ಹೋಗುತ್ತದೆ. ಸಾದಾ 6013 ರಾಡಿಗೆ ಸರಿ.

ಹೆಸರಿನ ಪಟ್ಟಿ ಓದುವುದು

ಮೆಷಿನ್ನಿನ ಮುಖದ ಮೇಲೆ ದೊಡ್ಡದಾಗಿ ಬರೆದ 200, 250, 300 ಅನ್ನು ಮರೆತುಬಿಡಿ. ಹಿಂದೆಯೋ ಹೊಟ್ಟೆಯ ಕೆಳಗೋ ಅಂಟಿಸಿದ ಚಿಕ್ಕ ಲೋಹದ ಪಟ್ಟಿ ಇರುತ್ತದೆ, ಓದಬೇಕಾದ್ದು ಅದು. ಅದರಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರದ ಮುಂದೆ ಶೇಕಡಾ ಇರುತ್ತದೆ. ಅದೇ ಡ್ಯೂಟಿ ಸೈಕಲ್. ಲೆಕ್ಕ ಹತ್ತು ನಿಮಿಷಕ್ಕೆ. 200 ಆಂಪ್ ಶೇ. 60 ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ 200 ಆಂಪ್‌ನಲ್ಲಿ ಬೆಸೆಯಬಹುದು, ನಾಲ್ಕು ನಿಮಿಷ ಆರಲು ಬಿಡಬೇಕು.

ಪಟ್ಟಿಯ ಮೇಲೆ ಒಂದೇ ಡ್ಯೂಟಿ ಬರೆದಿದ್ದರೆ ಮಿಕ್ಕದ್ದನ್ನು ನಾವೇ ಲೆಕ್ಕ ಹಾಕಬಹುದು. ಆಂಪ್‌ನ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದನ್ನು) ಡ್ಯೂಟಿಯಿಂದ ಗುಣಿಸಿದರೆ ಬರುವ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುತ್ತದೆ. 200 ಆಂಪ್ ಶೇ. 30 ಅಂತ ಇರುವ ಮೆಷಿನ್, ಶೇ. 60ಕ್ಕೆ 141 ಆಂಪ್, ಬಿಡುವಿಲ್ಲದೆ ಓಡಿಸಿದರೆ 110 ಆಂಪ್. 200 ಆಂಪ್ ಶೇ. 60 ಇರುವುದು ಬಿಡುವಿಲ್ಲದೆ 155. ಎರಡರ ಮುಖದ ಮೇಲೂ 200 ಅಂತಲೇ ಬರೆದಿರುತ್ತದೆ! ಈ ಅಳತೆಯನ್ನು 40 ಡಿಗ್ರಿ ಶಾಖದಲ್ಲಿ ಮಾಡಿರುತ್ತಾರೆ. ರಾಯಚೂರು, ಕಲಬುರಗಿ ಕಡೆಯ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಮೇಲೇ ಇರುತ್ತದೆ, ಹಾಗಾಗಿ ಒಂದಿಷ್ಟು ಮಿಗಿಸಿಕೊಂಡೇ ಕೊಳ್ಳಬೇಕು.

ನಮಗೆ ಬೇಕಾದ್ದು ಎಷ್ಟು? 7018 ರಾಡಿನಲ್ಲಿ 2.5 ಎಂಎಂಗೆ 70ರಿಂದ 100 ಆಂಪ್, 3.15ಕ್ಕೆ 100ರಿಂದ 140, 4 ಎಂಎಂಗೆ 140ರಿಂದ 190. ಬ್ರಾಕೆಟ್ ಕೆಲಸದ ಮುಕ್ಕಾಲು ಪಾಲು 3.15ರಲ್ಲೇ, ಅಂದರೆ ಅಂಗಡಿಯಲ್ಲಿ ಹತ್ತು ನಂಬರ್ ರಾಡು ಅನ್ನುತ್ತಾರಲ್ಲ ಅದರಲ್ಲೇ, ಮುಗಿಯುತ್ತದೆ. 350 ಎಂಎಂ ಉದ್ದದ ಒಂದು ರಾಡು 125 ಆಂಪ್‌ನಲ್ಲಿ ಒಂದು ನಿಮಿಷದ ಮೇಲೆ ಸ್ವಲ್ಪ ಹೊತ್ತು ಉರಿಯುತ್ತದೆ. ಆಮೇಲೆ ಸ್ಲ್ಯಾಗ್ ಕುಟ್ಟಬೇಕು, ವೈರ್ ಬ್ರಷ್ ಹೊಡೆಯಬೇಕು, ಹೊಸ ರಾಡು ಸಿಕ್ಕಿಸಬೇಕು. ಕೈಯೇ ಶೇ. 40 ದಾಟುವುದಿಲ್ಲ. ಆದ್ದರಿಂದ ಶೇ. 60ಕ್ಕೆ 140 ಆಂಪ್ ಇದ್ದರೆ 3.15 ರಾಡಿಗೆ ಧಾರಾಳ. 4 ಎಂಎಂ ರಾಡೂ ಓಡಿಸುವ ಆಸೆ ಇದ್ದರೆ 200 ಆಂಪ್ ಶೇ. 60ರದ್ದೇ ತಗೊಳ್ಳಿ.

ಪಟ್ಟಿಯ ಮೇಲೆ ಇನ್ನೊಂದು ಸಂಖ್ಯೆ ಯು0, ರಾಡು ತಾಗಿಸುವ ಮೊದಲು ಹೋಲ್ಡರಿನಲ್ಲಿ ಇರುವ ವೋಲ್ಟ್. 65ರಿಂದ 70ರ ಮೇಲಿದ್ದರೆ 7018 ಸರಾಗವಾಗಿ ಹೊತ್ತಿಕೊಳ್ಳುತ್ತದೆ. 50ರ ಆಸುಪಾಸಿನದ್ದರಲ್ಲಿ ಅರ್ಧ ಉರಿದ ರಾಡನ್ನು ಮತ್ತೆ ಹೊತ್ತಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಹಾಟ್ ಸ್ಟಾರ್ಟ್ (ಹೊತ್ತಿಸುವ ಕ್ಷಣ ಕರೆಂಟು ಏರಿಸುವುದು), ಆರ್ಕ್ ಫೋರ್ಸ್ (ರಾಡು ಅಂಟುವಂತಾದಾಗ ಕರೆಂಟು ಏರಿಸುವುದು) ಇವೆರಡು ಇರಲಿ, 7018ಕ್ಕೆ ನಿಜವಾಗಿ ಉಪಯೋಗ. ಆರ್ಕ್ ಫೋರ್ಸ್ ತಿರುಗಿಸುವ ಗುಂಡಿ ಬೇರೆಯಾಗಿ ಇದ್ದರೆ ಇನ್ನೂ ಒಳ್ಳೆಯದು. ಬಣ್ಣದ ಸ್ಕ್ರೀನು, ಮೊಬೈಲ್ ಆ್ಯಪು ಎಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕ್ಲ್ಯಾಂಪ್ ಮೀಟರ್ ತಗೊಂಡು ಹೋಗಿ, ಮೆಷಿನ್ನಿಗೆ ಕರೆಂಟು ಹೋಗುವ ಫೇಸ್ ವೈರಿಗೆ ಹಾಕಿ, 4 ಎಂಎಂ ರಾಡಿನಲ್ಲಿ ಡಿಸ್‌ಪ್ಲೇ 200 ತೋರಿಸುವ ಹಾಗೆ ಬೆಸೆಯಲು ಹೇಳಿ. 200 ಆಂಪ್ ಆರ್ಕಿಗೆ ಲೆಕ್ಕದ ಪ್ರಕಾರ 28 ವೋಲ್ಟ್, ಅಂದರೆ 5,600 ವ್ಯಾಟ್ ಹೊರಗೆ ಬರಬೇಕು. ಒಳಗೆ ಒಂದು ವ್ಯಾಟ್ ನಷ್ಟವೂ ಇಲ್ಲ ಅಂದುಕೊಂಡರೂ 230 ವೋಲ್ಟಿನಲ್ಲಿ 24 ಆಂಪ್ ಎಳೆಯಲೇಬೇಕು. ಆರ್ಕ್ ಗಿಡ್ಡ ಹಿಡಿದರೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಮೀಟರ್ 20 ಕೂಡ ಮುಟ್ಟದೆ ಡಿಸ್‌ಪ್ಲೇ ಮಾತ್ರ 200 ಅನ್ನುತ್ತಿದ್ದರೆ ಅದು ಬರೀ ಸಂಖ್ಯೆ, ಕರೆಂಟಲ್ಲ. ಮಾತಿಲ್ಲದೆ ಎದ್ದು ಬನ್ನಿ.

ಕರೆಂಟಿನ ಕಥೆ

ಒಳ್ಳೆಯ ಮೆಷಿನ್ ತಂದು ಕೆಟ್ಟ ಲೈನಿಗೆ ಹಾಕಿ ಮೆಷಿನ್ ಬೈಯುವವರೇ ಹೆಚ್ಚು. 125 ಆಂಪ್‌ನಲ್ಲಿ ಬೆಸೆಯುವಾಗ ಆರ್ಕ್ ತಿನ್ನುವುದು ಸುಮಾರು 3.1 ಕಿಲೋವ್ಯಾಟ್. ಮೆಷಿನ್ನಿನ ನಷ್ಟ, ಪವರ್ ಫ್ಯಾಕ್ಟರ್ ಎರಡನ್ನೂ ಸೇರಿಸಿದರೆ ಲೈನಿನಿಂದ 22, 23 ಆಂಪ್ ಬೇಕು. ಮನೆಯ 16 ಆಂಪ್ ಪ್ಲಗ್ಗು ಇದನ್ನು ತಡೆಯುವುದಿಲ್ಲ. ಮೊದಲ ದಿನ ಬಿಸಿಯಾಗುತ್ತದೆ, ಹತ್ತನೇ ದಿನ ಕರಗುತ್ತದೆ. ಮೀಟರ್ ಬೋರ್ಡಿನಿಂದ ಬೇರೆಯೇ ಲೈನು, 32 ಆಂಪ್ ಸಿ ಕರ್ವ್ ಎಂಸಿಬಿ (ಶುರುವಿನ ಎಳೆತಕ್ಕೆ ಬೀಳದ ಬಗೆಯ ಸ್ವಿಚ್ಚು), ಇಂಡಸ್ಟ್ರಿಯಲ್ ಪ್ಲಗ್ಗು, ನೆಲಕ್ಕೆ ಇಳಿಸಿದ ಒಳ್ಳೆಯ ಅರ್ಥಿಂಗ್. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ನಿಮ್ಮ ಮಂಜೂರಾದ ಲೋಡು ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತದೆ. ಮನೆ ಕನೆಕ್ಷನ್‌ನಲ್ಲಿ ಗ್ಯಾರೇಜ್ ನಡೆಸುವ ಯೋಚನೆ ಬೇಡ, ದಂಡ ಕಟ್ಟುವ ದುಡ್ಡಿನಲ್ಲಿ ಲೋಡು ಏರಿಸಿಕೊಳ್ಳಬಹುದು.

ವೈರಿನ ದಪ್ಪದ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಬೋರ್ಡಿನಿಂದ ಬೆಂಚಿಗೆ 30 ಮೀಟರ್ ಇದೆ ಅಂದುಕೊಳ್ಳಿ, ಹೋಗಿ ಬರುವ ದಾರಿ 60 ಮೀಟರ್. 1.5 ಚದರ ಎಂಎಂ ತಾಮ್ರದ ವೈರಿನಲ್ಲಿ 23 ಆಂಪ್ ಹರಿದರೆ 16 ವೋಲ್ಟಿನ ಮೇಲೆ ದಾರಿಯಲ್ಲೇ ಸೋರುತ್ತದೆ, ವೈರೂ ಕಾಯುತ್ತದೆ. 2.5ರಲ್ಲಿ 10 ವೋಲ್ಟ್. 4ರಲ್ಲಿ ಆರೂವರೆ, 6ರಲ್ಲಿ ನಾಲ್ಕು ಚಿಲ್ಲರೆ. ಹಳ್ಳಿ ಲೈನಿನಲ್ಲಿ ಸಾಯಂಕಾಲ ಮೊದಲೇ 190ಕ್ಕೆ ಇಳಿದಿರುತ್ತದೆ, ಅದರಲ್ಲಿ ಇನ್ನೂ 16 ಕಳೆದರೆ ಮೆಷಿನ್ ಆರ್ಕ್ ಮಧ್ಯದಲ್ಲೇ ಕೈಕೊಡುತ್ತದೆ. ನಾನು 6 ಚದರ ಎಂಎಂ ಎಳೆದದ್ದು ಇದಕ್ಕೇ. ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ಬೆಳಗ್ಗೆ, ಮಧ್ಯಾಹ್ನ, ಪಂಪ್‌ಸೆಟ್ ಓಡುವ ಹೊತ್ತು, ಮೂರೂ ಬಾರಿ ವೋಲ್ಟ್ ಬರೆದಿಟ್ಟುಕೊಳ್ಳಿ. 180ರ ಕೆಳಗೆ ಇಳಿಯುವ ಜಾಗವಾದರೆ ಕಡಿಮೆ ವೋಲ್ಟಿನಲ್ಲೂ ಓಡುತ್ತದೆ ಅಂತ ಪಟ್ಟಿಯಲ್ಲಿ ಬರೆದ ಮೆಷಿನ್ನೇ ಬೇಕು. ಡೀಸೆಲ್ ಜನರೇಟರ್ ಮೇಲೆ ಓಡಿಸುವುದಾದರೆ 3.15 ರಾಡಿಗೆ 7.5 ಕೆವಿಎ ಇರಲಿ.

ಹೋಲ್ಡರ್ ಮತ್ತು ಅರ್ಥ್ ಕೇಬಲ್ ಮೆಷಿನ್ ಡಬ್ಬದ ಜೊತೆ ಬರುವುದು ಬಹಳ ಸಲ ಮೂರು ಮೀಟರ್, ಸಪೂರ. ಬ್ಲೇಡಿನಲ್ಲಿ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ. 3.15 ರಾಡಿಗೆ 25 ಚದರ ಎಂಎಂ, 4 ಎಂಎಂಗೆ 35 ಚದರ ಎಂಎಂ ಅಸಲಿ ತಾಮ್ರದ ಕೇಬಲ್ ಬೇರೆ ತಗೊಳ್ಳಿ, ಮೆಷಿನ್ನಿನ ಸಾಕೆಟ್ಟೂ ದೊಡ್ಡ ಪಿನ್ನಿನದ್ದಿರಲಿ. ಕೈಯಲ್ಲಿರುವ ದುಡ್ಡಿನ ಮೂರನೇ ಒಂದು ಪಾಲನ್ನು ಮೆಷಿನ್ ಅಲ್ಲದ ಸಾಮಾನಿಗೇ ಎತ್ತಿಡಬೇಕು: ಕೇಬಲ್, ಹೋಲ್ಡರ್, ತಾನಾಗಿ ಕಪ್ಪಾಗುವ 10-11ನೇ ಶೇಡಿನ ಹೆಲ್ಮೆಟ್, ಚರ್ಮದ ಗ್ಲೌಸು, ಐದು ಇಂಚಿನ ಗ್ರೈಂಡರ್, ರಾಡು ಒಣಗಿಸುವ ಓವನ್.

7018 ಯಾಕೆ, ಅದರ ರಗಳೆ ಏನು

6013 ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಯಾವ ಮೆಷಿನ್ನಿನಲ್ಲೂ ಉರಿಯುತ್ತದೆ, ಸ್ಲ್ಯಾಗ್ ತಾನೇ ಕಳಚುತ್ತದೆ. ಕೈ ಪಳಗಿಸಲು ಅದೇ ಸರಿ. ಆದರೆ ಅದರ ಬೆಸುಗೆಯಲ್ಲಿ ಜಲಜನಕ ಹೆಚ್ಚು, ಬುಡಕ್ಕೆ ಇಳಿಯುವುದು ಕಡಿಮೆ. ದಪ್ಪ ಪ್ಲೇಟು ಬಿಗಿಯಾಗಿ ಹಿಡಿದ ಜಾಗದಲ್ಲಿ ಆ ಜಲಜನಕ ಬೆಸುಗೆ ಆರಿದ ಮೇಲೆ, ಕೆಲವೊಮ್ಮೆ ಮರುದಿನ, ಒಳಗಿಂದ ಬಿರುಕು ತರುತ್ತದೆ. ಬೆಸೆದಾಗ ಚೆನ್ನಾಗಿತ್ತು, ಬೆಳಗ್ಗೆ ನೋಡಿದರೆ ಕೂದಲೆಳೆ ಗೆರೆ ಅನ್ನುವುದು ಇದೇ. 7018 ಜಲಜನಕ ಕಡಿಮೆ ಬಿಡುವ ರಾಡು, ಬೆಸುಗೆ ಬಗ್ಗುತ್ತದೆ, ಗುದ್ದು ತಡೆಯುತ್ತದೆ.

ಒಣಗಿದ್ದರೆ ಮಾತ್ರ. ಪ್ಯಾಕೆಟ್ ಒಡೆದು ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನ ಮೇಜಿನ ಮೇಲಿಟ್ಟ 7018 ಹೆಸರಿಗಷ್ಟೇ 7018, ಅದರ ಲೇಪನ ನೀರು ಕುಡಿದಿರುತ್ತದೆ. 250ರಿಂದ 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ, ಆಮೇಲೆ 100 ಡಿಗ್ರಿಯ ಸುತ್ತ ಇಟ್ಟು, ಬೇಕಾದಾಗ ನಾಲ್ಕೈದು ರಾಡು ತೆಗೆದು ಉಪಯೋಗಿಸಬೇಕು. ಹೊರಗೆ ನಾಲ್ಕು ಗಂಟೆ ಮೀರಿದ್ದನ್ನು ವಾಪಸ್ ಓವನ್ನಿಗೆ. 250 ಡಿಗ್ರಿ ಮುಟ್ಟುವ ಹಳೆಯ ಅಡುಗೆ ಓವನ್ ಆದರೂ ನಡೆಯುತ್ತದೆ, ಆದರೆ ಅದರಲ್ಲಿ ಮತ್ತೆ ಅಡುಗೆ ಮಾಡುವಂತಿಲ್ಲ. ರಾಡು ಒಂದೇ ಪದರ ಹರಡಿ, ಕಟ್ಟುಗಟ್ಟಲೆ ತುರುಕಿದರೆ ನಡುವಿನವು ಒಣಗುವುದಿಲ್ಲ.

ಹೋಲ್ಡರ್ ಪಾಸಿಟಿವ್‌ಗೆ, ಅರ್ಥ್ ನೆಗೆಟಿವ್‌ಗೆ. ಆರ್ಕ್ ಗಿಡ್ಡ, ರಾಡಿನ ದಪ್ಪಕ್ಕಿಂತ ಹೆಚ್ಚು ಎತ್ತಬಾರದು. ಉದ್ದ ಎತ್ತಿದರೆ ಬೆಸುಗೆಯಲ್ಲಿ ಗುಳ್ಳೆ. 6013ರಂತೆ ಎತ್ತಿ ಇಳಿಸಿ ಕುಣಿಸುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕು, 7018 ಎಳೆದುಕೊಂಡು ಹೋಗುವ ರಾಡು. ಬ್ರಾಕೆಟ್ ಮೂಲೆಗೆ ಬಂದಾಗ ಆರ್ಕ್ ಗಾಳಿ ಊದಿದ ಹಾಗೆ ಪಕ್ಕಕ್ಕೆ ಓಡುತ್ತದೆ, ಡಿಸಿಯ ಅಯಸ್ಕಾಂತದ ಕಾಟ ಅದು. ಅರ್ಥ್ ಕ್ಲ್ಯಾಂಪ್ ಜಾಗ ಬದಲಿಸಿ, ಆರ್ಕ್ ಇನ್ನೂ ಗಿಡ್ಡ ಮಾಡಿ, ಐದಾರು ಆಂಪ್ ಇಳಿಸಿ.

ಲೆಕ್ಕಕ್ಕೆ ಬೇಕಾದರೆ: 8 ಎಂಎಂ ಕಾಲಿನ ಫಿಲೆಟ್ (ಮೂಲೆ ತುಂಬುವ ಬೆಸುಗೆ) ಒಂದು ಮೀಟರ್ ತುಂಬಲು 3.15 × 350ರ ರಾಡು 13ರಿಂದ 14. ಕಿಲೋಗೆ ಸುಮಾರು 30 ರಾಡು ಬರುತ್ತವೆ. ಎರಡೂ ಬದಿ ಸೇರಿ ಒಂದೂಕಾಲು ಮೀಟರ್ ಬೆಸುಗೆ ಇರುವ ಒಂದು ಹ್ಯಾಂಗರ್‌ಗೆ ಅರ್ಧ ಕಿಲೋ ಮೇಲೆ ಸ್ವಲ್ಪ. ನಾಲ್ಕೇ ರಾಡಿನಲ್ಲಿ ಮುಗಿಸಿದೆ ಅನ್ನುವವರ ಬೆಸುಗೆಯ ಅಳತೆಯನ್ನು ಒಮ್ಮೆ ಹಿಡಿದು ನೋಡಬೇಕು.

ಮೊದಲ ಬ್ರಾಕೆಟ್‌ಗೆ ಮುಂಚೆ

10 ಎಂಎಂ ದಪ್ಪ, 50 ಎಂಎಂ ಅಗಲದ ಪಟ್ಟಿ ತಗೊಂಡು 100 ಎಂಎಂ ಉದ್ದದ ತುಂಡು ಮಾಡಿ. ಒಂದರ ಮೇಲೆ ಒಂದನ್ನು ತಲೆಕೆಳಗಾದ ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಬದಿ ಬೆಸೆಯಿರಿ. ಆರಿದ ಮೇಲೆ ವೈಸಿನಲ್ಲಿ ಕಚ್ಚಿಸಿ, ಬೆಸುಗೆ ಇಲ್ಲದ ಬದಿ ಬಾಯಿ ಬಿಡುವಂತೆ, ನಿಂತ ತುಂಡನ್ನು ಬೆಸುಗೆಯ ಮೇಲಕ್ಕೆ ಸುತ್ತಿಗೆಯಲ್ಲಿ ಮಲಗಿಸಿ. ಮುರಿಯದೆ ಮಡಚಿಕೊಂಡರೆ ಗೆದ್ದಿರಿ. ಮುರಿದರೆ ಮುರಿದ ಮುಖ ನೋಡಿ. ಬುಡದಲ್ಲಿ ಕತ್ತರಿಸಿದ ಪ್ಲೇಟಿನ ಮೂಲ ಅಂಚು ನೇರ ಗೆರೆಯಾಗಿ ಹಾಗೇ ಉಳಿದಿದ್ದರೆ ಅದು ಕರಗಿಯೇ ಇಲ್ಲ. ಆಂಪ್ ಹತ್ತು ಏರಿಸಿ, ರಾಡಿನ ತುದಿ ನೇರ ಮೂಲೆಗೆ ಹಿಡಿದು, ಮತ್ತೆ. ಕಪ್ಪು ಚೂರು ಕಂಡರೆ ಸ್ಲ್ಯಾಗ್, ಸೂಜಿ ತೂತು ಕಂಡರೆ ತೇವ ಅಥವಾ ಉದ್ದ ಆರ್ಕ್. ಹತ್ತು ತುಂಡಲ್ಲಿ ಹತ್ತೂ ಮಡಚುವ ತನಕ ಲಾರಿಯ ಹತ್ತಿರ ಹೋಗಬೇಡಿ. ಐದು ಕಿಲೋ ರಾಡು ಇದಕ್ಕೇ ಹೋಗುತ್ತದೆ, ಹೋಗಲಿ.

ಕೊಳ್ಳಬೇಕಾದ ಮೆಷಿನ್ನನ್ನೂ ಹೀಗೇ ಪರೀಕ್ಷಿಸಬಹುದು. ಅಂಗಡಿಗೆ ನಿಮ್ಮದೇ 10 ಎಂಎಂ ತುಂಡು, ನಿಮ್ಮದೇ ಒಣಗಿದ ರಾಡು ಒಯ್ಯಿರಿ. ಅವರು ತೋರಿಸುವುದು ಎರಡು ಎಂಎಂ ತಗಡಿನ ಮೇಲೆ 6013 ಓಡಿಸಿ. ಅದರಲ್ಲಿ ಯಾವ ಮೆಷಿನ್ನೂ ಸೋಲುವುದಿಲ್ಲ.

ಬ್ರಾಕೆಟ್ ಕಟ್ಟುವಾಗ ಕೈಕೊಡುವ ಜಾಗಗಳು

ಗ್ಯಾಸಿನಲ್ಲಿ ಕತ್ತರಿಸಿದ ಅಂಚನ್ನು ಒಂದೆರಡು ಎಂಎಂ ಗ್ರೈಂಡ್ ಮಾಡಿ ಹೊಳಪು ಬರಿಸಿ. ಬೆಸೆಯುವ ಜಾಗದ ಸುತ್ತ ಒಂದು ಇಂಚು ಬಣ್ಣ, ತುಕ್ಕು, ಗ್ರೀಸ್ ಇರಬಾರದು. ಪೂರ್ತಿ ಬಲ ಬೇಕಾದ ಜೋಡಣೆಗೆ ಎರಡೂ ಅಂಚು 30 ಡಿಗ್ರಿ ಓರೆ, ಬುಡದಲ್ಲಿ ಎರಡು ಎಂಎಂ ಸಂದು.

ಬುಷ್ಷಿನ ರಬ್ಬರು ತೆಗೆದಿಟ್ಟು, ಅದೇ ಅಳತೆಯ ಪೈಪು ತುಂಡು ಹಾಕಿ, ಅಸಲಿ ಬೋಲ್ಟು ತೂರಿಸಿ ಬಿಗಿದ ಮೇಲೆಯೇ ಟ್ಯಾಕ್, ಅಂದರೆ ತುಂಡು ಅಲುಗದಂತೆ ಹಾಕುವ ಚಿಕ್ಕ ಬೆಸುಗೆ. ಇಲ್ಲದಿದ್ದರೆ ಬೆಸುಗೆ ಆರುವಾಗ ಎರಡು ಪಕ್ಕದ ಪ್ಲೇಟು ಒಳಕ್ಕೆ ಎಳೆದುಕೊಳ್ಳುತ್ತವೆ, ಎರಡು ತೂತು ಒಂದೇ ನೇರಕ್ಕೆ ಬರುವುದಿಲ್ಲ, ಪಿನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕಾಗುತ್ತದೆ. ಹೊಡೆದು ಕೂರಿಸಿದ ಪಿನ್ನು ಬುಷ್ಷನ್ನು ತಿಂದು ಹಾಕುತ್ತದೆ. ಟ್ಯಾಕ್ ಚುಕ್ಕೆಯಲ್ಲ, 20 ಎಂಎಂ ಉದ್ದದ ಗೆರೆ, ನಾಲ್ಕು ಕಡೆ. ಆಮೇಲೆ ಒಂದು ಸಾಲು ಈ ಬದಿ, ಒಂದು ಸಾಲು ಆ ಬದಿ.

ಮೂಲೆಯಲ್ಲಿ ಶುರು ಮಾಡಬೇಡಿ, ಮೂಲೆಯಲ್ಲಿ ನಿಲ್ಲಿಸಬೇಡಿ. ಪ್ಲೇಟಿನ ತುದಿಯನ್ನು ಸುತ್ತಿಕೊಂಡು 15, 20 ಎಂಎಂ ಮುಂದೆ ಹೋಗಿ, ಒಂದು ಕ್ಷಣ ನಿಂತು ಗುಳಿ ತುಂಬಿ ರಾಡು ಎತ್ತಿ. ಬೆಸುಗೆಯ ಅಂಚಿನಲ್ಲಿ ಪ್ಲೇಟು ತಿಂದುಹೋದ ಕಾಲುವೆ ಉಳಿದಿದ್ದರೆ ತುಂಬಿಸಿ, ಗ್ರೈಂಡರಿನಲ್ಲಿ ಪ್ಲೇಟಿಗೂ ಬೆಸುಗೆಗೂ ನಡುವೆ ಮೆತ್ತಗೆ ಇಳಿಜಾರು ಮಾಡಿ. ಕಮಾನಿನ ಬ್ರಾಕೆಟ್ ಬೆಸುಗೆಯ ನಡುವೆ ಮುರಿಯುವುದು ಅಪರೂಪ, ಸಾಮಾನ್ಯವಾಗಿ ಸೀಳುವುದು ಈ ಅಂಚಿನಲ್ಲಿ.

ಗಾಡಿಯ ಮೇಲೇ ಏನಾದರೂ ಚಿಕ್ಕದು ಬೆಸೆಯಲೇಬೇಕಾಗಿ ಬಂದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಸೈಲೆನ್ಸರ್ ತನಕ ಸೆನ್ಸರ್‌ಗಳಿವೆ. ಅರ್ಥ್ ಕ್ಲ್ಯಾಂಪ್ ಬೆಸೆಯುವ ತುಂಡಿಗೇ, ಒಂದು ಅಡಿಯ ಒಳಗೆ. ಚಾಸಿಸ್ಸಿನ ಇನ್ನೊಂದು ತುದಿಗೋ ಡ್ರಮ್ಮಿಗೋ ಕಚ್ಚಿಸಿದರೆ ಕರೆಂಟು ವೀಲ್ ಬೇರಿಂಗ್, ಕಮಾನು, ಬುಷ್ಷುಗಳ ಮೂಲಕ ದಾರಿ ಹುಡುಕುತ್ತದೆ. ಬೇರಿಂಗಿನ ಗುಂಡುಗಳ ಮೇಲೆ ಚಿಕ್ಕ ಚಿಕ್ಕ ಸುಟ್ಟ ಗುಳಿ ಬೀಳುತ್ತದೆ, ಮೂರು ತಿಂಗಳಿಗೆ ಬೇರಿಂಗ್ ಕೂಗುತ್ತದೆ, ಆಗ ಯಾರಿಗೂ ವೆಲ್ಡಿಂಗ್ ನೆನಪಿರುವುದಿಲ್ಲ. ಕಮಾನ್ ಪಟ್ಟಿ, ಬ್ರೇಕಿನ ನೈಲಾನ್ ಪೈಪು, ಡೀಸೆಲ್ ಟ್ಯಾಂಕು ಇವಕ್ಕೆ ಬೆಂಕಿ ಹಿಡಿಯದ ಹೊದಿಕೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್.

ಕಾನೂನಿನ ಮಾತೂ ಒಂದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ನಿಗದಿ ಮಾಡಿದ್ದಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. ಹಾಳಾದ ಬ್ರಾಕೆಟ್‌ಗೆ ಅದೇ ಅಳತೆಯ ಬ್ರಾಕೆಟ್ ಕಟ್ಟುವುದು ರಿಪೇರಿ. ಎತ್ತರ ಏರಿಸುವುದು, ಆಕ್ಸಲ್ ಸೇರಿಸುವುದು ಬೇರೆ ಮಾತು. ಹೆಚ್ಚು ಲೋಡಿಗೆ ಅಂತ ಎರಡು ಪಟ್ಟಿ ಜಾಸ್ತಿ ಹಾಕಿಸಿ, ಮುರಿದ ಬ್ರಾಕೆಟ್ ತಂದು ಗಟ್ಟಿಯಾಗಿ ಬೆಸೆದುಕೊಡಿ ಅನ್ನುವ ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೆ: ಬಗ್ಗದ ಕಮಾನು ಆ ಗುದ್ದನ್ನೆಲ್ಲ ಬ್ರಾಕೆಟ್ ಮೇಲೇ ಹಾಕುತ್ತದೆ.

ಬೆಸುಗೆ ಮುಗಿದ ಮರುದಿನ, ಅದೇ ದಿನ ಅಲ್ಲ, ಬಣ್ಣ ಹೊಡೆಯುವ ಮೊದಲು ಡೈ ಪೆನಿಟ್ರಂಟ್ ಹಾಕಿ ನೋಡುವುದು ರೂಢಿ ಮಾಡಿಕೊಳ್ಳಿ. ಮೂರು ಸ್ಪ್ರೇ ಡಬ್ಬಿ: ಒರೆಸುವುದು, ಕೆಂಪು, ಬಿಳಿ. ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಹೊಡೆದರೆ ಬಿರುಕು ಇರುವಲ್ಲಿ ಕೆಂಪು ಗೆರೆ ಮೂಡುತ್ತದೆ. ಗಾಡಿ 500 ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳ ಬಿಗಿ ಮತ್ತೆ ನೋಡಬೇಕು. ಆಗಲೇ ಬೆಸುಗೆಯ ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಪುಡಿಯ ಗೆರೆ ಇದೆಯಾ ಅಂತಲೂ ನೋಡಿ. ಬಣ್ಣದ ಕೆಳಗೆ ಬಿರುಕು ಉಜ್ಜಿಕೊಳ್ಳುತ್ತಿರುವ ಗುರುತು ಅದು. ಅದರ ಮೇಲೆ ಇನ್ನೊಂದು ಸಾಲು ಬೆಸುಗೆ ಎಳೆದರೆ ಪ್ರಯೋಜನ ಇಲ್ಲ, ಪೂರ್ತಿ ಗ್ರೈಂಡ್ ಮಾಡಿ ಬಿರುಕಿನ ಬುಡ ಮುಟ್ಟಿದ ಮೇಲೆ ಹೊಸದಾಗಿ ತುಂಬಬೇಕು.

ಮಿಗ್ ಯಾವಾಗ

ವಾರಕ್ಕೆ ಹತ್ತು ಹನ್ನೆರಡು ಬ್ರಾಕೆಟ್ ಒಂದೇ ಅಳತೆಯವು ಹೋಗತೊಡಗಿದ ಮೇಲೆ. ಆಗ ಮೂರು ಫೇಸ್ ಕನೆಕ್ಷನ್ ತೆಗೆದುಕೊಂಡು 250 ಆಂಪ್ ಮೇಲಿನ ಮೆಷಿನ್, 1.2 ಎಂಎಂ ವೈರು. 10 ಎಂಎಂ ಪ್ಲೇಟಿಗೆ 230ರಿಂದ 260 ಆಂಪ್ ಬೇಕಾಗುತ್ತದೆ, ಸಿಂಗಲ್ ಫೇಸ್ ಮೆಷಿನ್ ಅಲ್ಲಿಗೆ ಏರುವುದಿಲ್ಲ. ಬರೀ ಸಿಓಟು ಗ್ಯಾಸಾದರೆ ರೆಗ್ಯುಲೇಟರಿಗೆ ಹೀಟರ್ ಬೇಕೇಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಗ್ಯಾಸು ನಿಲ್ಲುತ್ತದೆ. ನಿಮಿಷಕ್ಕೆ 12ರಿಂದ 15 ಲೀಟರ್. ರಸ್ತೆ ಪಕ್ಕದ ತೆರೆದ ಶೆಡ್ಡಾದರೆ ಲಾರಿ ಹೋದ ಗಾಳಿಗೇ ಗ್ಯಾಸು ಹಾರಿ ಬೆಸುಗೆ ಜೇನುಗೂಡಾಗುತ್ತದೆ, ಮೂರು ಕಡೆ ತಗಡು ಅಡ್ಡ ಕಟ್ಟಿ. ಆಗಲೂ ಟಿ ತುಂಡು ಮುರಿದು ನೋಡುವ ಪರೀಕ್ಷೆ ತಪ್ಪಿಸಬೇಡಿ.

ಇನ್ವರ್ಟರ್ ಮೆಷಿನ್ನಿನ ಆಯುಸ್ಸು ಕಡಿಮೆ ಮಾಡುವುದು ಗ್ರೈಂಡರ್. ಕಬ್ಬಿಣದ ಪುಡಿಯನ್ನು ಫ್ಯಾನು ಒಳಗೆಳೆದುಕೊಂಡು ಬೋರ್ಡಿನ ಮೇಲೆ ಕೂರಿಸುತ್ತದೆ, ಮಳೆಗಾಲದ ತೇವ ಸೇರಿದರೆ ಒಂದು ದಿನ ಢಬ್ ಅಂತ ಹೋಗುತ್ತದೆ. ಮೆಷಿನ್ ನೆಲದಿಂದ ಒಂದಡಿ ಎತ್ತರ, ಗ್ರೈಂಡಿಂಗ್ ಜಾಗದಿಂದ ಎರಡು ಮೂರು ಮೀಟರ್ ದೂರ ಇರಲಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಒಣ ಗಾಳಿಯಲ್ಲಿ ಎರಡು ಬಾರ್ ಒತ್ತಡ ಮೀರದಂತೆ ಊದಿ.